ಅಗ್ಗದ ಚಿಕ್ಕ ಗಿಟಾರಿಗೆ ನಾಲ್ಕೇ ತಂತಿ: ಯಾವ ಶ್ರುತಿ ಕೂತಿತು?

ಮಕ್ಕಳಿಗೆಂದು ತಂದು, ಮಕ್ಕಳು ಕೈಬಿಟ್ಟ ಅಗ್ಗದ ನೈಲಾನ್ ತಂತಿಯ ಗಿಟಾರು ಎಷ್ಟೋ ಮನೆಗಳ ಅಟ್ಟದಲ್ಲಿ ಬಿದ್ದಿರುತ್ತದೆ. ಆರು ತಂತಿಯ ವಾದ್ಯವಾಗಿ ಅದು ಅಷ್ಟಕ್ಕಷ್ಟೇ. ಎರಡು ತಂತಿ ಕಳಚಿ ಶ್ರುತಿ ಬದಲಿಸಿದರೆ ಬೇರೆಯೇ ವಾದ್ಯ. ನಾನು ಪರೀಕ್ಷಿಸಿದ್ದು ಎರಡು ಅಳತೆಗಳಲ್ಲಿ. ಮುಕ್ಕಾಲು ಸೈಜಿನದರಲ್ಲಿ ನಟ್‌ನಿಂದ (ಕುತ್ತಿಗೆಯ ತುದಿಯಲ್ಲಿ ತಂತಿ ಹಾಯುವ ಪಟ್ಟಿ) ಸ್ಯಾಡಲ್‌ವರೆಗೆ (ಬ್ರಿಜ್, ಅಂದರೆ ಕುದುರೆಯ ಮೇಲಿನ ಪಟ್ಟಿ) ಸುಮಾರು 58 ಸೆಂ.ಮೀ., ಕಾಲು ಸೈಜಿನದರಲ್ಲಿ ಸುಮಾರು 48. ದೊಡ್ಡ ಕ್ಲಾಸಿಕಲ್ ಗಿಟಾರಿನಲ್ಲಿ ಇದು 65.

ಎಲ್ಲಕ್ಕಿಂತ ಸುಲಭದ್ದು ಡಿ-ಜಿ-ಬಿ-ಇ. ದಪ್ಪದಿಂದ ತೆಳುವಿಗೆ ಇ-ಎ-ಡಿ-ಜಿ-ಬಿ-ಇ ಎಂಬ ಮಾಮೂಲಿ ಶ್ರುತಿಯಲ್ಲಿ ದಪ್ಪನೆಯ ಎರಡು ತಂತಿ ಬಿಚ್ಚಿದರೆ ಮುಗಿಯಿತು. ನಾಲ್ಕು ತಂತಿಯ ಟೆನರ್ ಗಿಟಾರ್ ನುಡಿಸುವವರು ಇದನ್ನು ಶಿಕಾಗೊ ಟ್ಯೂನಿಂಗ್ ಎನ್ನುತ್ತಾರೆ. ಯುಕುಲೆಲೆ ಎಂಬ ನಾಲ್ಕು ತಂತಿಯ ಪುಟ್ಟ ವಾದ್ಯದ ದೊಡ್ಡ ಬಗೆ, ಬ್ಯಾರಿಟೋನ್ ಯುಕುಲೆಲೆಯ ಶ್ರುತಿಯೂ ಇದೇ. ಆ ಯುಕುಲೆಲೆಯ ತಂತಿಯ ಉದ್ದವೂ 48 ಸೆಂ.ಮೀ. ಆಸುಪಾಸಿನದೇ ಆದ್ದರಿಂದ ಕಾಲು ಸೈಜಿಗೆ ಇದು ಚೆನ್ನಾಗಿಯೇ ಒಪ್ಪಿತು. ಮುಕ್ಕಾಲು ಸೈಜಿನಲ್ಲಿ ಮಾತ್ರ ಮಂದ್ರ ಕಳೆದುಕೊಂಡ ಗಿಟಾರಿನಂತೆಯೇ ಕೇಳಿಸಿತು. ಗಿಟಾರ್ ಬಲ್ಲವರು ಇಷ್ಟಕ್ಕಾಗಿ ತಂತಿ ಬಿಚ್ಚಬೇಕಿಲ್ಲ.

ಜಿ-ಡಿ-ಎ-ಇಗೆ ಬಂದಾಗ ಆಟವೇ ಬದಲಾಯಿತು. ಇದು ಮ್ಯಾಂಡೊಲಿನ್‌ನ ಶ್ರುತಿ, ಒಂದು ಸ್ಥಾಯಿ ಕೆಳಗೆ. ಐರಿಷ್ ಟೆನರ್ ಬ್ಯಾಂಜೊ ನುಡಿಸುವವರೂ ಇದನ್ನೇ ಇಟ್ಟುಕೊಳ್ಳುತ್ತಾರೆ. ಹೊಸ ತಂತಿ ಕೊಳ್ಳುವ ಅಗತ್ಯವೂ ಇಲ್ಲ: ಬಿ ಮತ್ತು ಕೆಳಗಿನ ಇ ತೆಗೆದುಹಾಕಿ, ಎ ತಂತಿಯನ್ನು ಎರಡು ಫ್ರೆಟ್‌ನಷ್ಟು (ಫ್ರೆಟ್ ಅಂದರೆ ವೀಣೆಯ ಮೆಟ್ಟಿಲಿನಂಥದು) ಇಳಿಸಿ ಜಿಗೆ ತಂದು, ಜಿ ತಂತಿಯನ್ನು ಅಷ್ಟೇ ಏರಿಸಿ ಎ ಮಾಡಿದರಾಯಿತು. ಡಿ ಮತ್ತು ಮೇಲಿನ ಇ ಇದ್ದಂತೆಯೇ ಇರುತ್ತವೆ. ಮುಕ್ಕಾಲು ಸೈಜಿನಲ್ಲಿ ಇದು ಗಟ್ಟಿಯಾಗಿ, ತುಂಬಿ ನುಡಿಯಿತು.

ಅದೇ ತಂತಿಗಳನ್ನು ಕಾಲು ಸೈಜಿಗೆ ಹಾಕಿದರೆ ಕೆಳಗಿನ ಜಿ ಬರೀ ಪಟಪಟ. ಅದಕ್ಕೆ ಲೆಕ್ಕವಿದೆ. ಶ್ರುತಿ ಅದೇ ಇದ್ದರೆ ತಂತಿಯ ಬಿಗಿತ ಉದ್ದದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 65 ಸೆಂ.ಮೀ.ಗೆಂದು ಮಾಡಿದ ಎ ತಂತಿಯನ್ನು 48ರಲ್ಲಿ ಜಿಗೆ ಇಳಿಸಿದಾಗ ಮೂಲ ಬಿಗಿತದ ಶೇ 43ರಷ್ಟೇ ಉಳಿಯುತ್ತದೆ. ಅಲ್ಲಿ ದಪ್ಪನೆಯ ಆರನೇ ತಂತಿಯನ್ನೇ ಜಿಗೆ ಏರಿಸಿ, ಎ ತಂತಿಯನ್ನು ಡಿಗೆ ಏರಿಸಬೇಕು. ಆಗ ಕೆಳಗಿನೆರಡು ಹದಕ್ಕೆ ಬರುತ್ತವೆ; ಮೇಲಿನ ಇ ಮಾತ್ರ ಸ್ವಲ್ಪ ಸಡಿಲವೇ. ಇನ್ನೊಂದು ತೊಡಕು ಬೆರಳಿನದು. ಮುಂದಿನ ತಂತಿಯ ಸ್ವರ ಸಿಗುವುದು ಏಳನೇ ಫ್ರೆಟ್‌ನಲ್ಲಿ. ಮುಕ್ಕಾಲು ಸೈಜಿನಲ್ಲಿ ಅದು ನಟ್‌ನಿಂದ 19 ಸೆಂ.ಮೀ. ದೂರ, ಕಾಲು ಸೈಜಿನಲ್ಲಿ 16. ಮ್ಯಾಂಡೊಲಿನ್‌ನಲ್ಲಿ 12 ಕೂಡ ಇಲ್ಲ. ಮ್ಯಾಂಡೊಲಿನ್ ಕಾರ್ಡುಗಳನ್ನು (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಹಾಗೆಯೇ ಹಿಡಿಯುವ ಆಸೆ ಬಿಡಬೇಕು. ಒಂಟಿ ಸ್ವರದ ಹಾಡುಗಳಿಗೆ ಮಾತ್ರ ಇದು ಹೇಳಿ ಮಾಡಿಸಿದ್ದು.

ಅಲ್ಲಿಂದ ಪಿಟೀಲಿನ ಸ-ಪ-ಸ-ಪಕ್ಕೆ ಹೋಗುವುದು ಬಿರಡೆ ತಿರುವಿದಷ್ಟೇ ಕೆಲಸ: ಎ ಮತ್ತು ಇ ಎರಡನ್ನೂ ಎರಡೆರಡು ಫ್ರೆಟ್ ಇಳಿಸಿದರೆ ಜಿ-ಡಿ-ಜಿ-ಡಿ, ಅಂದರೆ ಜಿಯನ್ನೇ ಸ ಮಾಡಿಕೊಂಡ ಐದು ಮನೆ ಶ್ರುತಿ. ನನ್ನ ಪಾಲಿಗೆ ಗೆದ್ದದ್ದು ಇದೇ. ಮಂದ್ರದ ಜೋಡಿಯಲ್ಲಿ ಹಾಕಿದ ಬೆರಳುಗಾರಿಕೆ ಮಧ್ಯ ಸ್ಥಾಯಿಯ ಜೋಡಿಯಲ್ಲೂ ಹಾಗೆಯೇ ನಡೆಯುತ್ತದೆ. ಕರ್ನಾಟಕ ಸಂಗೀತದ ಮೊದಲ ಪಾಠಗಳಾದ ಸರಳೆ, ಜಂಟಿ ವರಸೆ ಬಂದವರಿಗೆ ಒಂದೇ ಸಂಜೆ ಸಾಕು. ಸ್ವರದಿಂದ ಸ್ವರಕ್ಕೆ ಜಾರುವ ಜಾರು ಸೊಗಸಾಗಿ ಬರುತ್ತದೆ. ಸ್ವರವನ್ನು ತೂಗಾಡಿಸುವ ಕಂಪಿತದಲ್ಲಿ ಸೋಲು: ನೈಲಾನನ್ನು ಅಡ್ಡಕ್ಕೆ ಎಷ್ಟು ಎಳೆದರೂ ಸ್ವರ ಉಕ್ಕಿನ ತಂತಿಯಷ್ಟು ಏರುವುದಿಲ್ಲ. ಕಂಪಿತವೇ ಜೀವಾಳವಾದ ತೋಡಿ ರಾಗಕ್ಕೆ ಕೈಹಾಕಬೇಡಿ, ಮೋಹನ ರಾಗಕ್ಕೆ ತೊಂದರೆಯಿಲ್ಲ. (ಮೈಸೂರಿನ ಟಿ. ಚೌಡಯ್ಯನವರು ನಾಲ್ಕು ತಂತಿ ಸಾಲದೆಂದು ಪಿಟೀಲಿಗೆ ಏಳು ಕಟ್ಟಿದವರು. ನಮ್ಮದು ತೀರ ಉಲ್ಟಾ ವ್ಯವಹಾರ.)

ಟೆನರ್ ಗಿಟಾರಿನ ಮೂಲ ಶ್ರುತಿ ಸಿ-ಜಿ-ಡಿ-ಎ. ನೈಲಾನ್ ಮುಕ್ಕಾಲು ಸೈಜಿನಲ್ಲಿ ಮೇಲಿನ ಎ ಹರಿಯುವ ಅಂಚಿನಲ್ಲೇ ಇರುತ್ತದೆ. ಹಾಗೆಂದು ಉಕ್ಕಿನ ತಂತಿ ಹಾಕಲು ಹೋಗಬೇಡಿ. ನೈಲಾನಿಗೆಂದು ಮಾಡಿದ ತೆಳು ಹಲಗೆಯಿಂದ ಬ್ರಿಜ್ ಎದ್ದು ಬರಬಹುದು. ಉಕ್ಕಿನ ತಂತಿಗೆಂದೇ ಮಾಡಿದ ಚಿಕ್ಕ ಗಿಟಾರಿದ್ದರೆ ಮಾತ್ರ ಈ ದಾರಿ.

ನಟ್ ಬದಲಿಸಬೇಕೆ ಎಂಬುದು ಎಲ್ಲರ ಪ್ರಶ್ನೆ. ಹಳೆಯ ನಟ್‌ನ ನಡುವಿನ ನಾಲ್ಕು ಕಚ್ಚುಗಳನ್ನೂ ಬ್ರಿಜ್‌ನ ನಡುವಿನ ನಾಲ್ಕು ತೂತುಗಳನ್ನೂ ಬಳಸಿದೆ. ತಂತಿಗಳ ಅಂತರ ಟೆನರ್ ಗಿಟಾರಿನದಕ್ಕೆ ಹತ್ತಿರವೇ ಬಂತು. ಕುತ್ತಿಗೆಯ ಎರಡೂ ಅಂಚಿನಲ್ಲಿ ಜಾಗ ಖಾಲಿ ಉಳಿಯಿತು, ಅಷ್ಟೇ. ಮೂಳೆಯ ತುಂಡಿಗೆ ಅರ ಹಾಕಿ ಅಂತರ ಹೆಚ್ಚಿಸಿ ಕಚ್ಚು ಕೊರೆದದ್ದು ಸ-ಪ-ಸ-ಪದಲ್ಲಿ ತಂತಿ ಎಳೆಯಲು ಅನುಕೂಲವಾಯಿತು, ಉಳಿದ ಶ್ರುತಿಗಳಲ್ಲಿ ಹೇಳಿಕೊಳ್ಳುವಂಥ ಲಾಭವಿಲ್ಲ. ಖಾಲಿ ಬಿರಡೆಗಳನ್ನು ಬಿಚ್ಚಲು ಹೋಗಬೇಡಿ, ಅಗ್ಗದವುಗಳಲ್ಲಿ ಮೂರೂ ಒಂದೇ ಪಟ್ಟಿಗೆ ಸೇರಿಕೊಂಡಿರುತ್ತವೆ. ಗಿರಗಿರ ಸದ್ದು ಮಾಡಿದರೆ ಒಂದು ಸುತ್ತು ಟೇಪ್ ಸುತ್ತಿ.