ಧರ್ಮಸ್ಥಳ ಪಾದಯಾತ್ರೆಗೆ ಯಾವುದು? ಟ್ರೆಕ್ಕಿಂಗ್ ಶೂ, ರನ್ನಿಂಗ್ ಶೂ, ಸ್ಯಾಂಡಲ್: ಮೂರನ್ನೂ ಹಾಕಿ ನಡೆದವನ ಮಾತು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸ್ಯಾಂಡಲ್‌ಗೆ. ಹಿಮ್ಮಡಿಗೆ ಪಟ್ಟಿ ಇರುವ 1,300 ರೂಪಾಯಿಯ ಸ್ಯಾಂಡಲ್. ಇಷ್ಟು ತಿಳಿಯೋಕೆ ಎರಡು ಶಿವರಾತ್ರಿ ಹಿಡಿಯಿತು. ಕಾಲಿನ ಒಂದು ಉಗುರೂ ಹೋಯಿತು.

ನಮ್ಮದು ಬೆಂಗಳೂರಿನ ವಿಜಯನಗರದ ಗುಂಪು. ಶಿವರಾತ್ರಿಗೆ ಎಂಟೊಂಬತ್ತು ದಿನ ಮುಂಚೆ ಹೊರಡುತ್ತೇವೆ. ನೆಲಮಂಗಲ, ಕುಣಿಗಲ್, ಯಡಿಯೂರು, ಚನ್ನರಾಯಪಟ್ಟಣ, ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ. ಅಲ್ಲಿಂದ ಚಾರ್ಮಾಡಿ ಘಾಟಿ ಇಳಿದು ಉಜಿರೆ, ಆಮೇಲೆ ಧರ್ಮಸ್ಥಳ. ಹೆಚ್ಚುಕಮ್ಮಿ 300 ಕಿ.ಮೀ. ದಾರಿಯುದ್ದಕ್ಕೂ ಡಾಂಬರು. ಬಂಡೆ ಹತ್ತೋದಿಲ್ಲ, ಹಳ್ಳ ದಾಟೋದಿಲ್ಲ. ಈ ಒಂದು ವಿಷಯ ಅಂಗಡಿಗೆ ಹೋದಾಗ ನೆನಪಾಗಿದ್ದರೆ ಸಾಕಿತ್ತು.

ನೆನಪಾಗಲಿಲ್ಲ. ಅಂಗಡಿಯ ಹುಡುಗ, "ಸರ್, ವಾಟರ್‌ಪ್ರೂಫ್ ಇದು, ಹಿಮಾಲಯಕ್ಕೂ ಹಾಕ್ಕೊಂಡು ಹೋಗಬಹುದು" ಎಂದ. ನಾನು ಹೊರಟಿದ್ದು ಕುಣಿಗಲ್ ಕಡೆಗೆ. ಆದರೂ 5,400 ರೂಪಾಯಿ ಕೊಟ್ಟು ತಂದೆ. ಜ್ಞಾನಭಾರತಿ ಆವರಣದಲ್ಲಿ ಹತ್ತು ದಿನ ಬೆಳಿಗ್ಗೆ ಐದೈದು ಕಿ.ಮೀ. ನಡೆದು ನೋಡಿದೆ. ಏನೂ ತೊಂದರೆ ಆಗಲಿಲ್ಲ. ಐದು ಕಿ.ಮೀ.ನಲ್ಲಿ ಯಾವ ಶೂ ಆದರೂ ಒಳ್ಳೆಯದೇ, ಬಿಡಿ.

ಇಪ್ಪತ್ತು ದಾಟಿದ ಮೇಲೆ ಅದರ ಬುದ್ಧಿ ಗೊತ್ತಾಯಿತು. ಶೂ ಒಳಗೆ ಹಿಮ್ಮಡಿ ಮೇಲ್ಗಡೆ ಎರಡು ಬಟ್ಟೆ ಸೇರಿಸಿದ ಒಂದು ಹೊಲಿಗೆ ಇತ್ತು. ಅಂಗಡಿಯಲ್ಲಿ ಕೈಹಾಕಿ ನೋಡಿದರೂ ತಿಳಿಯದಷ್ಟು ಸಣ್ಣದು. ನೆಲಮಂಗಲ ತಲುಪುವಾಗ ಸುಮ್ನೆ ಚುರುಚುರು ಅನ್ನುತ್ತಿತ್ತು. ಮಾರನೇ ದಿನ ಕುಣಿಗಲ್‌ನ ಕುದುರೆ ಫಾರಂ ದಾಟುವಷ್ಟರಲ್ಲಿ ಎರಡೂ ಕಾಲಲ್ಲಿ ರೂಪಾಯಿ ಬಿಲ್ಲೆಯಷ್ಟು ಬೊಬ್ಬೆ. ಕುದುರೆಗಾದರೆ ಲಾಳ ಕಟ್ಟುವವನು ಗೊರಸಿನ ಅಳತೆ ನೋಡಿ ಕಟ್ಟುತ್ತಾನೆ. ನಾನು ನೋಡಿದ್ದು ಬಣ್ಣ.

ಆಗೋದು ಹೀಗೆ. ದಿನವಿಡೀ ನಡೆದರೆ ಪಾದ ಊದುತ್ತದೆ. ಶೂ ಊದೋದಿಲ್ಲ. ಅದಕ್ಕೇ ಶೂ ಕೊಳ್ಳೋಕೆ ಸಂಜೆ ಹೋಗಬೇಕು, ಒಂದು ನಂಬರ್ ದೊಡ್ಡದೇ ತಗೋಬೇಕು. ಇನ್ನು ವಾಟರ್‌ಪ್ರೂಫ್ ಅಂದರೆ ನೀರು ಒಳಗೆ ಬರೋದಿಲ್ಲ, ಸರಿ. ನಮ್ಮ ಬಿಸಿಲಲ್ಲಿ ಬೆವರೂ ಹೊರಗೆ ಹೋಗೋದಿಲ್ಲ. ಸಾಕ್ಸ್ ಬಿಚ್ಚಿದರೆ ಚರ್ಮ ನೆನೆಸಿದ ಅವಲಕ್ಕಿ ಥರ ಮೆತ್ತಗಾಗಿತ್ತು. ಅಂಥ ಚರ್ಮಕ್ಕೆ ಆ ಹೊಲಿಗೆ ಉಜ್ಜಿದರೆ ಇನ್ನೇನಾಗುತ್ತದೆ?

ಹತ್ತಿ ಇಟ್ಟೆ, ಜಾರಿತು. ಪ್ಲಾಸ್ಟರ್ ಹಾಕಿದೆ, ಬೆವರಿಗೆ ಬಿಟ್ಟುಕೊಂಡಿತು. ಎರಡು ಜೊತೆ ಸಾಕ್ಸ್ ಹಾಕಿದೆ, ಶೂ ಇನ್ನೂ ಬಿಗಿಯಾಯಿತು. ಲೇಸ್ ಸಡಿಲ ಮಾಡಿದರೆ ಹಿಮ್ಮಡಿ ಜಾಸ್ತಿ ಉಜ್ಜುತ್ತಿತ್ತು. ಯಡಿಯೂರಿನಲ್ಲಿ ಗುಂಪಿನ ಹಿರಿಯರೊಬ್ಬರು ಸೂಜಿಗೆ ದಾರ ಪೋಣಿಸಿ, ಬೊಬ್ಬೆಯೊಳಗೆ ಹಾಯಿಸಿ, ದಾರವನ್ನು ಅಲ್ಲೇ ಬಿಟ್ಟರು. ಪಾದಯಾತ್ರಿಗಳ ಹಳೇ ಮದ್ದು ಇದು. ಮುಂದೆ ರಸ್ತೆ ಬದಿಯ ಉಚಿತ ವೈದ್ಯಕೀಯ ಶಿಬಿರದಲ್ಲಿ ಡಾಕ್ಟರಮ್ಮ ಅದನ್ನು ನೋಡಿ ಬೈದರು. ಆ ದಾರವೇ ಕೀವಿಗೆ ದಾರಿಯಂತೆ. ಶುದ್ಧ ಮಾಡಿದ ಸೂಜಿಯಿಂದ ಅಂಚಲ್ಲಿ ಚುಚ್ಚಿ ನೀರು ತೆಗೆದು, ಮೇಲಿನ ಚರ್ಮ ಕೀಳದೆ ಹಾಗೇ ಬಿಡಬೇಕಂತೆ.

ಚನ್ನರಾಯಪಟ್ಟಣದಿಂದ ಹಾಸನಕ್ಕೆ ಟೆಂಪೋದಲ್ಲಿ ಅಕ್ಕಿಮೂಟೆ ಪಕ್ಕ ಕೂತು ಹೋದೆ. ಅಡುಗೆ ಭಟ್ಟರು ಏನೂ ಕೇಳಲಿಲ್ಲ. ಅದೇ ಜಾಸ್ತಿ ನೋವಾಯಿತು.

ಹಾಸನದಲ್ಲಿ 1,800 ರೂಪಾಯಿಗೆ ರನ್ನಿಂಗ್ ಶೂ ತಗೊಂಡೆ, ಒಂದು ನಂಬರ್ ದೊಡ್ಡದು. ಬೇಲೂರಿನವರೆಗೆ ಸ್ವರ್ಗ. ಹಗುರ, ಗಾಳಿಯಾಡುತ್ತದೆ, ಅಡಿ ಮೆತ್ತಗಿದೆ. ಮಂಡಿ ನೋವಿರುವವರು ಕಣ್ಣುಮುಚ್ಚಿ ಇದನ್ನೇ ತಗೊಳ್ಳಿ. ತೊಂದರೆ ಕೊಟ್ಟಿದ್ದು ಚಾರ್ಮಾಡಿ. ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿಂದು ಹೊರಟರೆ ಮುಂದೆ ಇಪ್ಪತ್ತು ಕಿ.ಮೀ.ಗೂ ಜಾಸ್ತಿ ಬರೀ ತಿರುವು, ಬರೀ ಇಳಿಜಾರು. ಹೆಜ್ಜೆ ಹೆಜ್ಜೆಗೂ ಪಾದ ಮುಂದೆ ಜಾರಿ ಹೆಬ್ಬೆರಳು ಶೂ ಮೂತಿಗೆ ಗುದ್ದುತ್ತಿತ್ತು. ಉಗುರು ಕಪ್ಪಾಯಿತು, ಯುಗಾದಿ ಹೊತ್ತಿಗೆ ಕಳಚಿ ಬಿತ್ತು. ಅರ್ಧ ತಪ್ಪು ನನ್ನದೇ. ಹೊರಡುವ ಮುಂಚೆ ಉಗುರು ಕತ್ತರಿಸಿ, ಲೇಸನ್ನು ಕೊನೆಯ ತೂತಿನವರೆಗೂ ಬಿಗಿದಿದ್ದರೆ ಪಾದ ಅಷ್ಟು ಜಾರುತ್ತಿರಲಿಲ್ಲ.

ಮರುವರ್ಷ ಸ್ಯಾಂಡಲ್. ಕಾಲು ಊದಿತಾ, ಪಟ್ಟಿ ಸಡಿಲ ಮಾಡು. ಇಳಿಜಾರು ಬಂತಾ, ಬಿಗಿ ಮಾಡು. ಬೆರಳಿಗೆ ಎದುರು ಏನೂ ಇಲ್ಲ, ಗುದ್ದುವ ಮಾತೇ ಇಲ್ಲ. ಬಿಸಿಲಿಗೂ ಧೂಳಿಗೂ ಒಳಗೆ ತೆಳ್ಳನೆಯ ಸಾಕ್ಸ್. ಮಗಳು ನೋಡಿ ನಕ್ಕಳು, ನಗಲಿ.

ಕಾಟ ಇಲ್ಲವೇ ಇಲ್ಲ ಅಂತಲ್ಲ. ಸಣ್ಣ ಕಲ್ಲು ಒಳಗೆ ಸೇರಿಕೊಳ್ಳುತ್ತದೆ. ಲಾರಿಗಳು ಭರ್ರನೆ ಹೋಗುವ ಹೈವೇ ಬದಿಯಲ್ಲಿ ಒಂಟಿಕಾಲಲ್ಲಿ ನಿಂತು ಕೊಡವಬೇಕು. ಅಂಟುವ ಪಟ್ಟಿಗೆ ಧೂಳು ತುಂಬಿ ಮೂಡಿಗೆರೆ ಹೊತ್ತಿಗೆ ಹಿಡಿತ ಕಡಿಮೆಯಾಗಿತ್ತು. ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿದ ಮೇಲೆ ಸರಿಹೋಯಿತು. ಮುಂದಿನ ಸಲ ಬಕಲ್ ಇರೋದನ್ನೇ ತಗೊಳ್ತೇನೆ. ನೇತ್ರಾವತಿಯಲ್ಲಿ ಸ್ನಾನಕ್ಕೆ ಸ್ಯಾಂಡಲ್ ಹಾಕಿಕೊಂಡೇ ಇಳಿದೆ. ದೇವಸ್ಥಾನ ಸೇರುವಷ್ಟರಲ್ಲಿ ಒಣಗಿತ್ತು.

ಹರಕೆ ಹೊತ್ತು ಬರಿಗಾಲಲ್ಲಿ ನಡೆಯುವವರನ್ನು ಈ ಹೋಲಿಕೆಗೆ ಎಳೆಯೋದಿಲ್ಲ. ಹವಾಯಿ ಚಪ್ಪಲಿಯಲ್ಲಿ ನಮ್ಮೆಲ್ಲರಿಗಿಂತ ಮುಂದೆ ನಡೆದ ಅಜ್ಜಿಯನ್ನೂ ಅಷ್ಟೇ.

ನನಗೆ ವರ್ಷಕ್ಕೆ ಒಂದೇ ನಡಿಗೆ. ಉಳಿದ ದಿನ ಅದೇ ಸ್ಯಾಂಡಲ್‌ನಲ್ಲಿ ತರಕಾರಿಗೆ ಹೋಗುತ್ತೇನೆ, ಹಾಗಾಗಿ 1,300 ವಸೂಲಾಯಿತು. ಟ್ರೆಕ್ಕಿಂಗ್ ಶೂ ಅಟ್ಟದಲ್ಲಿದೆ. ಬಳಸಿದ್ದು ಅಂತ ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಕುಮಾರಪರ್ವತಕ್ಕೆ ಹೋಗುವ ನಮ್ಮ ಭಾವನಿಗಾದರೂ ಆಗಲಿ ಎಂದು ಕೊಟ್ಟು ನೋಡಿದೆ. ಅವರದ್ದು ಒಂಬತ್ತನೇ ನಂಬರ್.