ಹಿಮಶಿಖರದಿಂದ ಮರಳಿದವನಿಗೆ ಆಸರೆಯಾದ ಹೋಂಸ್ಟೇ

ಲಡಾಖಿನ 7,135 ಮೀಟರ್ ಎತ್ತರದ ನುನ್ ಶಿಖರದಿಂದ ಮರಳಿದಾಗ ನನ್ನ ತೂಕ ಎಂಟು ಕಿಲೋ ಇಳಿದಿತ್ತು, ಕಾಲ್ಬೆರಳುಗಳ ತುದಿ ಹಿಮದ ಪೆಟ್ಟಿಗೆ ಮರಗಟ್ಟಿತ್ತು. ವೈದ್ಯರು ಪರೀಕ್ಷಿಸಿ ವಿಶ್ರಾಂತಿ ಹೇಳಿದ ಮೇಲೆ ತೀರ್ಥಹಳ್ಳಿ ಸಮೀಪದ ಅಡಿಕೆ ತೋಟದ ಹೋಂಸ್ಟೇಯೊಂದರಲ್ಲಿ ಹತ್ತು ದಿನ ಉಳಿದೆ.

ಸುಮಾರು 5,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಳಿಯುವುದರಿಂದ ಹಸಿವು ಕುಂದಿ, ಕೊಬ್ಬಿನೊಂದಿಗೆ ಸ್ನಾಯುವೂ ಕರಗುತ್ತದೆ. ಇದನ್ನು ವಿವರಿಸಿದಾಗ ಮನೆಯ ಅಮ್ಮ ಮೊದಲ ಮೂರು ದಿನ ಕುಚ್ಚಲಕ್ಕಿ ಗಂಜಿ, ಒಂದೆಲಗದ ತಂಬುಳಿ, ನಂಜಿಕೊಳ್ಳಲು ಅಪ್ಪೆಮಿಡಿಯನ್ನಷ್ಟೇ ಕೊಟ್ಟು, ಆಮೇಲೆ ಅಕ್ಕಿರೊಟ್ಟಿ, ಹೆಸರುಕಾಳಿನ ಪಲ್ಯಕ್ಕೆ ಬಂದರು. ಇಷ್ಟು ವಿವೇಚನೆಯ ಅಡುಗೆಮನೆ ಅಪರೂಪ.

ಮರಗಟ್ಟಿದ ಬೆರಳಿಗೆ ಬಿಸಿ ತಿಳಿಯದೆ ಸುಟ್ಟುಕೊಳ್ಳುವ ಅಪಾಯವಿರುತ್ತದೆ. ಹಂಡೆಯ ನೀರನ್ನು ಬಕೆಟ್‌ಗೆ ತೋಡಿದ ಮೇಲೆ ಆಕೆ ಪ್ರತಿ ಬೆಳಿಗ್ಗೆ ತಮ್ಮ ಮೊಣಕೈ ಅದ್ದಿ ನೋಡಿ, "ಈಗ ಹಾಕ್ಕೊ ಮಗಾ" ಎನ್ನುತ್ತಿದ್ದರು. ಆ ಮಾತಿಗೆ ನನ್ನ ಕಣ್ಣು ತುಂಬಿದ್ದುಂಟು.

ಕೊರತೆಯೆಂದರೆ ಮಹಡಿಯ ಕೋಣೆಗೆ ಹೋಗುವ ಮರದ ಏಣಿಮೆಟ್ಟಿಲು ಬಲು ಕಡಿದು, ಹಿಡಿಗಂಬಿಯೂ ಇಲ್ಲ. ಕಾಲು ನೋಯುವವರು ಕೆಳಗಿನ ಕೋಣೆಯನ್ನೇ ಕೇಳಿ ಪಡೆಯಬೇಕು. ಮಳೆಗಾಲದಲ್ಲಿ ಅಂಗಳ ಜಾರುತ್ತದೆ, ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಹೊರಡುವ ದಿನ ತೋಟದ ಏರಿಯನ್ನು ಏದುಸಿರಿಲ್ಲದೆ ಹತ್ತಿ ಇಳಿದೆ.