ಮೋಟಾರ್ ವೈಂಡಿಂಗ್‌ಗೆ ಫೈಬರ್ ಸೆನ್ಸರ್: ದುಡ್ಡಿಗೆ ಮೋಸವಿಲ್ಲ

ನಮ್ಮ ಪಂಪ್‌ಹೌಸ್‌ನ 6.6 ಕೆವಿ ಮೋಟಾರ್ ರೀವೈಂಡಿಂಗ್‌ಗೆ (ತಾಮ್ರದ ಕಾಯಿಲ್ ಹೊಸದಾಗಿ ಹಾಕಿಸೋಕೆ) ಹೋದಾಗ ಸ್ಟೇಟರ್ (ತಿರುಗದ ಭಾಗ) ಒಳಗೆ ಬಿಸಿ ಅಳೆಯೋಕೆ ಫೈಬರ್ ಬ್ರ್ಯಾಗ್ ಗ್ರೇಟಿಂಗ್ ಸೆನ್ಸರ್ ಹಾಕಿಸಿದೆವು. ಇದೊಂದು ಗಾಜಿನ ಎಳೆ, ಅದರೊಳಗಿನ ಗ್ರೇಟಿಂಗ್ ಎಂಬ ಗುರುತು ಒಂದು ತರಂಗಾಂತರದ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ, ಬಿಸಿ ಬದಲಾದರೆ ಆ ತರಂಗಾಂತರ ಸರಿಯುತ್ತದೆ. ನನಗಂತೂ ತುಂಬಾ ಹಿಡಿಸಿದೆ. ಮಾಮೂಲಿ ಪಿಟಿ100 ಆರ್‌ಟಿಡಿ ಎಂಬ ಟೆಂಪರೇಚರ್ ಸೆನ್ಸರ್‌ನಲ್ಲಿ ಲೋಹದ ತಂತಿ ಇರುತ್ತದಲ್ವಾ, ಅದಕ್ಕೇ ಅದನ್ನು ಹೈ ವೋಲ್ಟೇಜ್ ಇರುವ ತಾಮ್ರದ ಪಕ್ಕದಲ್ಲಿ ಇಡೋಕಾಗಲ್ಲ. ಕಾಯಿಲ್ ಕೂರುವ ಸ್ಲಾಟ್‌ನಲ್ಲಿ ಎರಡು ಕಾಯಿಲ್ ನಡುವೆ, ಇನ್ಸುಲೇಶನ್ ಹೊರಗೆ ಕೂತು, ಒಳಗಿನ ಬಿಸಿಗಿಂತ ಕಮ್ಮಿಯೇ ತೋರಿಸುತ್ತದೆ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ವಿಎಫ್‌ಡಿ (ಮೋಟಾರ್ ವೇಗ ಬದಲಿಸುವ ಡ್ರೈವ್) ಎಬ್ಬಿಸುವ ವಿದ್ಯುತ್ ನಾಯ್ಸ್ ಕೂಡ ಅದಕ್ಕೆ ತಟ್ಟುವುದಿಲ್ಲ. ಒಂದೇ ಎಳೆಯಲ್ಲಿ ಹಲವು ಗ್ರೇಟಿಂಗ್ ಇರುವುದರಿಂದ ಸ್ಲಾಟ್ ಉದ್ದಕ್ಕೂ ಎಲ್ಲಿ ಜಾಸ್ತಿ ಕಾಯುತ್ತಿದೆ ಅಂತ ಗೊತ್ತಾಗುತ್ತದೆ.

ಆದರೆ ಕೂರಿಸುವ ಕೆಲಸದಲ್ಲೇ ಎಲ್ಲಾ ಇದೆ. 1550 ನ್ಯಾನೊಮೀಟರ್ ಬೆಳಕಿನಲ್ಲಿ ಒಂದು ಡಿಗ್ರಿಗೆ ತರಂಗಾಂತರ ಸುಮಾರು 10 ಪಿಕೊಮೀಟರ್ ಸರಿಯುತ್ತದೆ, ಎಳೆಯನ್ನು ಸ್ವಲ್ಪ ಜಗ್ಗಿದರೂ ಹಾಗೇ ಸರಿಯುತ್ತದೆ, ಆಗ ಸುಳ್ಳು ಟೆಂಪರೇಚರ್ ಬರುತ್ತದೆ. ಅದಕ್ಕೆ ಸಣ್ಣ ನಳಿಗೆಯೊಳಗೆ ಸಡಿಲವಾಗಿ ಬಿಡಿಸಿ, ವಾರ್ನಿಶ್ ಒಳಗೆ ಇಳಿಯದಂತೆ ನೋಡಿಕೊಳ್ಳಿ. ಕೋಟಿಂಗ್ ಪಾಲಿಇಮೈಡ್‌ದೇ ಕೇಳಿ, ಅಗ್ಗದ ಅಕ್ರಿಲೇಟ್ ಕೋಟಿಂಗ್ 85 ಡಿಗ್ರಿ ಆಸುಪಾಸಿನದು, ನಮ್ಮ ಕ್ಲಾಸ್ ಎಫ್ ಇನ್ಸುಲೇಶನ್ ವೈಂಡಿಂಗ್‌ನ ಮಿತಿಯೇ 155 ಡಿಗ್ರಿ.

ಬೆಲೆ? ಎಳೆಗಿಂತ ಅದನ್ನು ಓದುವ ಇಂಟರಾಗೇಟರ್ ಡಬ್ಬಿಯೇ ದುಬಾರಿ. ಚಿಕ್ಕ ಮೋಟಾರ್‌ಗೆ ಸುಮ್ನೆ ಖರ್ಚು. ತಿರುಗುವ ರೋಟರ್‌ಗೂ ಬೇಕೆಂದರೆ ಶಾಫ್ಟ್ ತುದಿಗೆ, ತಿರುಗುವಾಗಲೂ ಬೆಳಕು ದಾಟಿಸುವ ರೋಟರಿ ಜಾಯಿಂಟ್ ಬೇಕು, ಅದು ಇನ್ನೊಂದು ತಲೆನೋವು. ದೊಡ್ಡ ಮೋಟಾರ್, ಜನರೇಟರ್ ಇರುವವರು ಮುಂದಿನ ರೀವೈಂಡಿಂಗ್ ಆರ್ಡರ್‌ನಲ್ಲೇ ಇದನ್ನು ಬರೆಸಿಬಿಡಿ, ಕಾಯಿಲ್ ಕೂರಿಸಿ ವೆಡ್ಜ್ (ಸ್ಲಾಟ್ ಬಾಯಿ ಮುಚ್ಚುವ ಪಟ್ಟಿ) ಹೊಡೆದ ಮೇಲೆ ಸ್ಲಾಟ್ ಒಳಗೆ ತೂರಿಸೋಕಾಗಲ್ಲ.